ಗ್ರಂಥ ಮತ್ತು ಸಾಕ್ಷಿ: ಗುಲಾಮಗಿರಿಯ ವಿರುದ್ಧ ಹತ್ತೊಂಬತ್ತನೆಯ ಶತಮಾನದ ಧರ್ಮವಿಚಾರ

(ದತ್ತಿ ಉಪನ್ಯಾಸದ ಬರಹರೂಪ)



ಧರ್ಮಕ್ಕೂ ಸಮಾಜಕ್ಕೂ ಇರುವ ನಂಟಿನ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ನಾನು ಅಮೆರಿಕದ ಗುಲಾಮಗಿರಿಯ ವಾಗ್ವಾದವನ್ನು ಆರಿಸಿಕೊಂಡೆ. ದೇಶ ನಮ್ಮದಲ್ಲ, ಕಾಲವೂ ನಮ್ಮದಲ್ಲ, ನಿಜ. ಆದರೆ ಒಂದೇ ಧರ್ಮಗ್ರಂಥವನ್ನು ಎದುರಿಗಿಟ್ಟುಕೊಂಡು, ಒಂದೇ ಪಂಥಕ್ಕೆ ಸೇರಿದ, ಒಂದೇ ಪ್ರಾರ್ಥನೆ ಹೇಳುವ ಜನ, ಮನುಷ್ಯನನ್ನು ಕೊಂಡು ಮಾರಬಹುದೇ ಎಂಬ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟ ದಾಖಲೆ ಇಷ್ಟು ವಿವರವಾಗಿ ಬೇರೆ ಕಡೆ ಸಿಗುವುದು ಕಷ್ಟ. ಪತ್ರಗಳು, ಪ್ರವಚನಗಳು, ಕರಪತ್ರಗಳು, ಆತ್ಮಕಥೆಗಳು, ಚರ್ಚು ಸಭೆಗಳ ನಡಾವಳಿಗಳು ಎಲ್ಲವೂ ಅಚ್ಚಾಗಿ ಉಳಿದಿವೆ.

ಈ ಚರಿತ್ರೆಯನ್ನು ಎರಡು ಬಗೆಯಲ್ಲಿ ಹೇಳುವುದು ರೂಢಿ. ಧರ್ಮವೇ ಮನುಷ್ಯರ ಕಣ್ಣು ತೆರೆಸಿ ಗುಲಾಮಗಿರಿಯನ್ನು ತೊಲಗಿಸಿತು ಎನ್ನುವವರಿದ್ದಾರೆ. ಧರ್ಮವೇ ಅದಕ್ಕೆ ಬೆನ್ನೆಲುಬಾಗಿತ್ತು, ತೊಲಗಿಸಿದ್ದು ಯುದ್ಧ ಮತ್ತು ಕಾರ್ಖಾನೆ ಎನ್ನುವವರೂ ಇದ್ದಾರೆ. ಇಬ್ಬರಿಗೂ ಆಧಾರಗಳ ಕೊರತೆಯಿಲ್ಲ. ನಾನು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ. ಗ್ರಂಥದ ಅಕ್ಷರ ಬಹುಮಟ್ಟಿಗೆ ಗುಲಾಮರ ಒಡೆಯರ ಪರವಾಗಿಯೇ ಇದ್ದಾಗ, ಅದೇ ಗ್ರಂಥವನ್ನು ನಂಬಿದವರು ಗುಲಾಮಗಿರಿ ಪಾಪವೆಂಬ ತೀರ್ಮಾನಕ್ಕೆ ಹೇಗೆ ಬಂದರು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಸಂಕಲೆ ತೊಟ್ಟವರ ಮಾತನ್ನು ಸಾಕ್ಷಿಯೆಂದು ಒಪ್ಪಿಕೊಂಡ ಮೇಲೆಯೇ ಗ್ರಂಥವನ್ನು ಓದುವ ರೀತಿ ಬದಲಾಯಿತು. ಒಪ್ಪಿಕೊಳ್ಳದವರ ಪಾಂಡಿತ್ಯ ಎಷ್ಟೇ ದೊಡ್ಡದಿರಲಿ, ಅದು ಒಡೆಯನ ಮನೆಯ ಜಗಲಿಯನ್ನು ದಾಟಲಿಲ್ಲ.

1. ಒಡೆಯರ ವಾದ

ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿದ ಮೇಲೆಯೇ ಖಂಡನೆಗೆ ಇಳಿಯಬೇಕೆಂಬುದು ನಮ್ಮ ಶಾಸ್ತ್ರಚರ್ಚೆಯ ಮರ್ಯಾದೆ. ಆದ್ದರಿಂದ ಪೂರ್ವಪಕ್ಷದಿಂದಲೇ ಆರಂಭಿಸೋಣ.

1845ರಲ್ಲಿ ಇಬ್ಬರು ಬ್ಯಾಪ್ಟಿಸ್ಟ್ ಪಾದ್ರಿಗಳ ಪತ್ರವ್ಯವಹಾರ ಪುಸ್ತಕವಾಗಿ ಬಂತು. ಒಬ್ಬರು ದಕ್ಷಿಣ ಕೆರೊಲಿನಾದ ರಿಚರ್ಡ್ ಫುಲ್ಲರ್. ಸ್ವತಃ ಗುಲಾಮರ ಒಡೆಯರು, ಒಳ್ಳೆಯ ವಾಗ್ಮಿ ಎಂದು ಹೆಸರಾದವರು. ಇನ್ನೊಬ್ಬರು ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷ ಫ್ರಾನ್ಸಿಸ್ ವೇಲ್ಯಾಂಡ್. ಅವರ ನೀತಿಶಾಸ್ತ್ರದ ಪಠ್ಯ ದೇಶದ ಅನೇಕ ಕಾಲೇಜುಗಳಲ್ಲಿ ಪಾಠವಾಗುತ್ತಿತ್ತು. ಪತ್ರಗಳ ಧಾಟಿ ಅತ್ಯಂತ ಸೌಜನ್ಯದ್ದು. ಒಬ್ಬರನ್ನೊಬ್ಬರು ಸಹೋದರ ಎಂದೇ ಕರೆದುಕೊಳ್ಳುತ್ತಾರೆ. ಫುಲ್ಲರ್ ಅವರ ವಾದ ಸರಳ, ಅಷ್ಟೇ ಬಿಗಿ: ಹಳೆ ಒಡಂಬಡಿಕೆಯಲ್ಲಿ ದೇವರು ಸಮ್ಮತಿಸಿದ್ದು, ಹೊಸ ಒಡಂಬಡಿಕೆಯಲ್ಲಿ ನಿಷೇಧಿಸದೆ ಬಿಟ್ಟದ್ದು ತಾನೇತಾನಾಗಿ ಪಾಪವಾಗಲು ಸಾಧ್ಯವಿಲ್ಲ.

ಈ ವಾದಕ್ಕೆ ಆಧಾರ ಧಾರಾಳವಾಗಿತ್ತು. ದೇವರ ಮಿತ್ರನೆನಿಸಿಕೊಂಡ ಅಬ್ರಹಾಮನಿಗೆ ದಾಸದಾಸಿಯರಿದ್ದರು. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ಅನ್ಯಜನರಿಂದ ಗುಲಾಮರನ್ನು ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಲು ಅನುಮತಿ ಕೊಡುತ್ತದೆ. ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂದು ಉಪದೇಶಿಸುತ್ತಾನೆ. ಓಡಿಬಂದ ಒನೇಸಿಮನೆಂಬ ದಾಸನನ್ನು ಅವನ ಒಡೆಯ ಫಿಲೆಮೋನನ ಬಳಿಗೇ ತಿರುಗಿ ಕಳುಹಿಸುತ್ತಾನೆ. ಯೇಸು ಗುಲಾಮಗಿರಿಯನ್ನು ಹೆಸರೆತ್ತಿ ಖಂಡಿಸಿದ್ದು ಎಲ್ಲಿಯೂ ಇಲ್ಲ. ವರ್ಜೀನಿಯಾದ ಥಾರ್ನ್‌ಟನ್ ಸ್ಟ್ರಿಂಗ್‌ಫೆಲೋ, ದಕ್ಷಿಣ ಕೆರೊಲಿನಾದ ಜೇಮ್ಸ್ ಹೆನ್ಲಿ ಥಾರ್ನ್‌ವೆಲ್ ಮೊದಲಾದ ಪಾದ್ರಿಗಳು ಇವನ್ನೆಲ್ಲ ಸಾಲಾಗಿ ಜೋಡಿಸಿಟ್ಟರು.

ಇದಕ್ಕೆ ಹೋಲಿಸಿದರೆ ಜನರ ಬಾಯಲ್ಲಿ ಹೆಚ್ಚು ಓಡಾಡಿದ ಹಾಮನ ಶಾಪದ ಕಥೆ ತೀರ ಸಡಿಲವಾದದ್ದು. ಆದಿಕಾಂಡದಲ್ಲಿ ನೋಹನು ಶಪಿಸುವುದು ಹಾಮನ ಮಗನಾದ ಕಾನಾನನನ್ನು. ಮೈಬಣ್ಣದ ಮಾತು ಅಲ್ಲಿ ಇಲ್ಲವೇ ಇಲ್ಲ. ಆಫ್ರಿಕದವರೆಲ್ಲ ಹಾಮನ ವಂಶದವರು, ಆದ್ದರಿಂದ ಗುಲಾಮರಾಗಿ ಹುಟ್ಟಿದವರು ಎಂಬುದು ಆಮೇಲೆ ಹೊಸೆದ ಕಥೆ.

ಈ ವಾದದ ಹಿಂದೆ ದೊಡ್ಡ ಲಾಭವಿತ್ತು ಎಂಬುದನ್ನೂ ಸೇರಿಸಬೇಕು. 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರ ಬಂದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬೆಳೆ ಹಬ್ಬಿತು. 1808ರಲ್ಲಿ ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿದರೂ ಒಳಗಿನ ಮಾರಾಟ ನಿಲ್ಲಲಿಲ್ಲ. 1860ರ ಜನಗಣತಿಯ ವೇಳೆಗೆ ಗುಲಾಮರ ಸಂಖ್ಯೆ ಹತ್ತಿರ ಹತ್ತಿರ 40 ಲಕ್ಷ. ಹದಿನೆಂಟನೆಯ ಶತಮಾನದಲ್ಲಿ ಗುಲಾಮಗಿರಿಯನ್ನು ಅನಿವಾರ್ಯ ಕೆಡುಕು ಎನ್ನುತ್ತಿದ್ದ ನಾಲಗೆಗಳು ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದನ್ನು ದೈವಸಂಕಲ್ಪ ಎನ್ನತೊಡಗಿದ್ದು ಇದೇ ಅವಧಿಯಲ್ಲಿ.

ಮೆಥಡಿಸ್ಟರ ಉದಾಹರಣೆ ಸಾಕು. ಆ ಪಂಥದ ಸ್ಥಾಪಕ ಜಾನ್ ವೆಸ್ಲಿ 1774ರಲ್ಲಿಯೇ ಗುಲಾಮಗಿರಿಯನ್ನು ಖಂಡಿಸಿ ಕಿರುಹೊತ್ತಗೆ ಬರೆದಿದ್ದರು. 1784ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಅಮೆರಿಕದ ಮೆಥಡಿಸ್ಟರು, ಸದಸ್ಯರೆಲ್ಲ ತಮ್ಮ ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ನಿಯಮ ಮಾಡಿದರು. ಮರುವರ್ಷವೇ ಆ ನಿಯಮವನ್ನು ತಡೆಹಿಡಿದರು. ಈ ನಡುವೆ ಅವರ ಬೈಬಲ್ ಬದಲಾಗಿರಲಿಲ್ಲ. ಬದಲಾದದ್ದು ಚರ್ಚಿಗೆ ಬರುವವರ ಆಸ್ತಿಯ ಲೆಕ್ಕ.

2. ವಿರೋಧಿಗಳು ಹಿಡಿದ ದಾರಿಗಳು

ಈ ವಾದಕ್ಕೆ ಉತ್ತರ ಕೊಡಹೊರಟವರು ಮುಖ್ಯವಾಗಿ ಮೂರು ದಾರಿಗಳನ್ನು ಹಿಡಿದರು.

ಮೊದಲನೆಯದು ವಚನಕ್ಕೆ ವಚನವನ್ನೇ ಎದುರು ನಿಲ್ಲಿಸುವ ದಾರಿ. ಥಿಯೋಡರ್ ವೆಲ್ಡ್ 1837ರಲ್ಲಿ ಪ್ರಕಟಿಸಿದ ಪುಸ್ತಕ ಇದರ ಒಳ್ಳೆಯ ಮಾದರಿ. ಮನುಷ್ಯನನ್ನು ಕದ್ದು ಮಾರುವವನಿಗೆ ವಿಮೋಚನಕಾಂಡ ಮರಣದಂಡನೆ ವಿಧಿಸುತ್ತದೆ. ಓಡಿಬಂದ ದಾಸನನ್ನು ಒಡೆಯನಿಗೆ ಒಪ್ಪಿಸಕೂಡದು ಎನ್ನುತ್ತದೆ ಧರ್ಮೋಪದೇಶಕಾಂಡ. ಆಫ್ರಿಕದ ಕರಾವಳಿಯಿಂದ ಬಂದ ಪ್ರತಿಯೊಬ್ಬನೂ ಕದ್ದು ತಂದವನೇ ಆದಮೇಲೆ, ಅವನ ಮಕ್ಕಳ ಮೇಲಿನ ಹಕ್ಕೂ ಕಳ್ಳಮಾಲಿನ ಮೇಲಿನ ಹಕ್ಕೇ ಎಂದು ವೆಲ್ಡ್ ವಾದಿಸಿದರು. ತೀಕ್ಷ್ಣವಾದ ವಾದ. ಆದರೆ ಎದುರಿನವರ ಬತ್ತಳಿಕೆಯಲ್ಲೂ ವಚನಗಳಿದ್ದವು. ಹೀಗೆ ವಚನಕ್ಕೆ ವಚನ ಎಸೆಯುತ್ತಾ ಹೋದರೆ ಜಗಳ ಮುಗಿಯುವುದಿಲ್ಲ.

ಎರಡನೆಯದು ಗ್ರಂಥದ ಅಕ್ಷರಕ್ಕಿಂತ ಅದರ ಆಶಯವನ್ನು ಹಿಡಿಯುವ ದಾರಿ. ವೇಲ್ಯಾಂಡ್ ಅವರು ಫುಲ್ಲರ್ ಅವರಿಗೆ ಕೊಟ್ಟ ಉತ್ತರ ಈ ಬಗೆಯದು. ನಿನಗೆ ಏನಾಗಬೇಕೆಂದು ಬಯಸುತ್ತೀಯೋ ಅದನ್ನೇ ಇತರರಿಗೆ ಮಾಡು ಎಂಬ ತತ್ತ್ವವನ್ನು ಸುವಾರ್ತೆ ಬಿತ್ತಿತು, ಆ ತತ್ತ್ವ ಬೆಳೆದಂತೆ ಗುಲಾಮಗಿರಿ ತಾನಾಗಿ ಸಾಯಬೇಕು ಎಂದು ಅವರು ಹೇಳಿದರು. ಬಾಸ್ಟನ್ನಿನ ಯೂನಿಟೇರಿಯನ್ ಪಾದ್ರಿ ವಿಲಿಯಂ ಎಲೆರಿ ಚಾನಿಂಗ್ 1835ರ ತಮ್ಮ ಪುಸ್ತಕದಲ್ಲಿ ಇನ್ನೂ ಆಳಕ್ಕೆ ಹೋದರು. ಅವರು ಯುವಕರಾಗಿದ್ದಾಗ ವರ್ಜೀನಿಯಾದ ರಿಚ್‌ಮಂಡಿನ ಒಂದು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಗುಲಾಮಗಿರಿಯನ್ನು ಹತ್ತಿರದಿಂದ ಕಂಡವರು. ಒಳಿತು ಕೆಡುಕುಗಳನ್ನು ತಿಳಿಯಬಲ್ಲ, ದೇವರ ಮುಂದೆ ತನ್ನ ಕರ್ಮಕ್ಕೆ ತಾನೇ ಉತ್ತರ ಹೇಳಬೇಕಾದ ಜೀವಿ ಇನ್ನೊಬ್ಬರ ಸೊತ್ತಾಗಲಾರದು ಎಂಬುದು ಅವರ ವಾದದ ತಿರುಳು. ಇಲ್ಲಿ ಪ್ರಶ್ನೆಯೇ ಪಲ್ಲಟವಾಯಿತು. ಗ್ರಂಥದಲ್ಲಿ ಅನುಮತಿ ಇದೆಯೇ ಎಂದು ಹುಡುಕುವ ಬದಲು, ಮನುಷ್ಯನೆಂದರೆ ಯಾರು ಎಂದು ಗ್ರಂಥ ಒಟ್ಟಾರೆ ಹೇಳುತ್ತಿದೆ ಎಂದು ಕೇಳಿದರು.

ಮೂರನೆಯ ದಾರಿ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರದು. 1831ರ ಜನವರಿ 1ರಂದು ‘ಲಿಬರೇಟರ್’ ಪತ್ರಿಕೆ ಆರಂಭಿಸಿದಾಗ ಅವರು ಭಕ್ತರೇ, ಮಾತುಮಾತಿಗೂ ಬೈಬಲ್ಲನ್ನು ನೆನೆಯುವವರೇ. ಆದರೆ ಚರ್ಚುಗಳ ನಡತೆಯನ್ನು ನೋಡನೋಡುತ್ತ 1840ರ ದಶಕದಲ್ಲಿ ಗ್ರಂಥದ ಪ್ರತಿಯೊಂದು ಸಾಲೂ ದೇವರ ಮಾತೆಂಬ ನಂಬಿಕೆಯನ್ನೇ ಪ್ರಶ್ನಿಸತೊಡಗಿದರು. ನ್ಯಾಯಕ್ಕೆ ವಿರುದ್ಧವಾದದ್ದು ಎಲ್ಲೇ ಬರೆದಿದ್ದರೂ ಅದು ದೇವರದಾಗಲಾರದು ಎಂಬ ನಿಲುವು ಅವರದಾಯಿತು. ಇದರಿಂದ ಸಾಮಾನ್ಯ ಭಕ್ತರು ಬೆದರಿದರು. ಗುಲಾಮಗಿರಿಯ ವಿರೋಧವೆಂದರೆ ನಾಸ್ತಿಕತೆ ಎಂದು ಸಾರಲು ಒಡೆಯರ ಪಾದ್ರಿಗಳಿಗೆ ಒಳ್ಳೆಯ ಅವಕಾಶ ಸಿಕ್ಕಿತು.

ಈ ಮೂರೂ ದಾರಿಗಳ ಗೆಲುವು ಸೋಲುಗಳನ್ನು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ನನಗೆ ಮುಖ್ಯವೆನಿಸುವುದು, ಬರಿಯ ವ್ಯಾಖ್ಯಾನದ ಮೇಲೆ ಈ ವಾದ ನಿಂತಿದ್ದರೆ ಅದು ಸಮಬಲದಲ್ಲಿಯೇ ಮುಗಿಯುತ್ತಿತ್ತು ಎಂಬುದು. ತಕ್ಕಡಿ ಯಾವ ಕಡೆಗೆ ವಾಲಿತು, ಯಾಕೆ ವಾಲಿತು ಎಂದು ತಿಳಿಯಲು ಪುಸ್ತಕದ ಕಪಾಟನ್ನು ಬಿಟ್ಟು ಹೊರಗೆ ಬರಬೇಕು.

3. ಸಾಕ್ಷಿ ಹೇಳಿದವರು

1834ರ ಫೆಬ್ರವರಿ. ಒಹಾಯೊ ನದಿಯ ದಂಡೆಯಲ್ಲಿರುವ ಸಿನ್ಸಿನಾಟಿಯ ಲೇನ್ ಸೆಮಿನರಿ. ನದಿಯ ಆಚೆ ದಡ ಕೆಂಟಕಿ, ಗುಲಾಮಗಿರಿಯ ರಾಜ್ಯ. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳು ಹದಿನೆಂಟು ರಾತ್ರಿ ಚರ್ಚೆ ನಡೆಸಿದರು. ಗುಲಾಮಗಿರಿಯನ್ನು ತಕ್ಷಣ ರದ್ದುಮಾಡಬೇಕೇ ಎಂಬುದರ ಮೇಲೆ ಒಂಬತ್ತು ರಾತ್ರಿ. ಬಿಡುಗಡೆಯಾದವರನ್ನು ಆಫ್ರಿಕಕ್ಕೆ ಸಾಗಿಸುವ ಯೋಜನೆ ಕ್ರೈಸ್ತರು ಬೆಂಬಲಿಸತಕ್ಕದ್ದೇ ಎಂಬುದರ ಮೇಲೆ ಒಂಬತ್ತು ರಾತ್ರಿ. ಮುಂದಾಳು ಥಿಯೋಡರ್ ವೆಲ್ಡ್. ಮಾತಾಡಿದವರಲ್ಲಿ ಒಡೆಯರ ಮಕ್ಕಳೂ ಇದ್ದರು, ತಾವು ಮನೆಯಲ್ಲಿ ಕಂಡದ್ದನ್ನು ಎದ್ದು ನಿಂತು ಹೇಳಿದರು.

ಅಲ್ಲಿ ಜೇಮ್ಸ್ ಬ್ರಾಡ್ಲಿ ಎಂಬ ವಿದ್ಯಾರ್ಥಿಯೂ ಇದ್ದರು. ಎಳೆಯ ಮಗುವಾಗಿದ್ದಾಗಲೇ ಆಫ್ರಿಕದಿಂದ ಅವರನ್ನು ಹಿಡಿದು ತರಲಾಗಿತ್ತು. ಬೆಳೆದ ಮೇಲೆ ಹಗಲೆಲ್ಲ ಒಡೆಯರ ಕೆಲಸ ಮಾಡಿ, ರಾತ್ರಿ ಮೂರು ನಾಲ್ಕು ಗಂಟೆ ಮಾತ್ರ ಮಲಗಿ, ಉಳಿದ ಹೊತ್ತಿನಲ್ಲಿ ಮೆಕ್ಕೆಜೋಳದ ಸಿಪ್ಪೆ ಹೆಣೆದು ಕುದುರೆಗಳಿಗೆ ಕೊರಳಪಟ್ಟಿ ಮಾಡಿ ಮಾರುತ್ತಿದ್ದರು. ಹೀಗೆ ಕಾಸಿಗೆ ಕಾಸು ಕೂಡಿಸಿ ತಮ್ಮನ್ನು ತಾವೇ ಕೊಂಡುಕೊಂಡು ಸ್ವತಂತ್ರರಾದವರು. ಆ ಸಭೆಯಲ್ಲಿ ಬ್ರಾಡ್ಲಿ ಸುಮಾರು ಎರಡು ಗಂಟೆ ಮಾತಾಡಿದರು. ಬಿಡುಗಡೆಯಾದ ಗುಲಾಮನಿಗೆ ತನ್ನ ಹೊಟ್ಟೆ ತಾನು ಹೊರೆಯಲು ಬಾರದು, ಸಮಾಜಕ್ಕೆ ಹೊರೆಯಾಗುತ್ತಾನೆ ಎಂದು ವಾದಿಸುತ್ತಿದ್ದ ಕಾಲ ಅದು. ತನ್ನ ಹೊಟ್ಟೆಯ ಜೊತೆಗೆ ಒಡೆಯನ ಮನೆಯವರ ಹೊಟ್ಟೆಯನ್ನೂ ಇಷ್ಟು ವರ್ಷ ಹೊರೆದವನು ಗುಲಾಮನೇ ಅಲ್ಲವೇ ಎಂಬ ಅವರ ಮಾತಿಗೆ ಎದುರುತ್ತರ ಇರಲಿಲ್ಲ.

ಚರ್ಚೆ ಮುಗಿಯುವ ಹೊತ್ತಿಗೆ ಬಹುಪಾಲು ವಿದ್ಯಾರ್ಥಿಗಳು ಗುಲಾಮಗಿರಿಯ ವಿರೋಧಿಗಳಾಗಿದ್ದರು. ಮಾತಿಗೇ ನಿಲ್ಲದೆ ಊರಿನ ಕಪ್ಪು ಜನರ ಮಕ್ಕಳಿಗೆ ಶಾಲೆ ನಡೆಸತೊಡಗಿದರು. ಸೆಮಿನರಿಯ ಆಡಳಿತ ಮಂಡಳಿ ಇಂಥ ಚಟುವಟಿಕೆಗಳನ್ನೇ ನಿಷೇಧಿಸಿತು. ಹೆಚ್ಚಿನವರು ಸಂಸ್ಥೆಯನ್ನು ತೊರೆದರು. ಅವರಲ್ಲಿ ಅನೇಕರು 1835ರಲ್ಲಿ ಓಬರ್ಲಿನ್ ಸಂಸ್ಥೆಗೆ ಸೇರಿದರು. ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೂ ಪ್ರವೇಶ ಕೊಡಬೇಕೆಂಬ ತೀರ್ಮಾನವಾಗಿತ್ತು.

ಈ ಪ್ರಸಂಗದಿಂದ ಪಾಠ ಕಲಿತ ವೆಲ್ಡ್ ಮುಂದೆ ಮಾಡಿದ ಕೆಲಸವನ್ನು ಇಂದಿನ ಸಂಶೋಧನಾ ವಿದ್ಯಾರ್ಥಿಗಳು ಗಮನಿಸಬೇಕು. 1839ರಲ್ಲಿ ಅವರು ‘ಅಮೆರಿಕನ್ ಸ್ಲೇವರಿ ಆ್ಯಸ್ ಇಟ್ ಈಸ್’ ಎಂಬ ಪುಸ್ತಕ ತಂದರು. ಅದಕ್ಕಾಗಿ ಅವರ ಪತ್ನಿ ಆ್ಯಂಜಲಿನಾ ಗ್ರಿಮ್ಕೆ, ಆಕೆಯ ಅಕ್ಕ ಸಾರಾ ಗ್ರಿಮ್ಕೆ ಇಬ್ಬರೂ ತಿಂಗಳುಗಟ್ಟಲೆ ಕೂತು ದಕ್ಷಿಣದ ಪತ್ರಿಕೆಗಳನ್ನು ಸಾವಿರಗಟ್ಟಲೆ ತಿರುವಿಹಾಕಿದರು. ಅವರು ಆರಿಸಿ ಕತ್ತರಿಸಿಟ್ಟದ್ದು ವಿರೋಧಿಗಳ ಲೇಖನಗಳನ್ನಲ್ಲ, ಒಡೆಯರೇ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತುಗಳನ್ನು. ಓಡಿಹೋದ ಗುಲಾಮನನ್ನು ಹುಡುಕಿಕೊಟ್ಟವರಿಗೆ ಬಹುಮಾನ ಎಂಬ ಪ್ರಕಟಣೆಯಲ್ಲಿ ಗುರುತು ಹೇಳಲೇಬೇಕಲ್ಲ? ಬೆನ್ನ ಮೇಲೆ ಬಾಸುಂಡೆಯ ಕಲೆ, ಕೆನ್ನೆಯ ಮೇಲೆ ಕಾದ ಕಬ್ಬಿಣದ ಬರೆ, ಕತ್ತರಿಸಿದ ಕಿವಿ, ಕೊರಳಲ್ಲಿ ಕಬ್ಬಿಣದ ಪಟ್ಟಿ, ಗುಂಡು ಹೊಕ್ಕ ಗುರುತು. ಇವನ್ನೆಲ್ಲ ಒಡೆಯರು ದನದ ಕೊಂಬು ಬಣ್ಣ ಬರೆಸುವಷ್ಟೇ ನಿರಾಳವಾಗಿ ಬರೆಸಿದ್ದರು.

ಹನ್ನೊಂದು ವರ್ಷದ ಮೇಲೆ, 1850ರಲ್ಲಿ, ಚಾರ್ಲ್ಸ್‌ಟನ್ನಿನಲ್ಲಿ ಗುಲಾಮರಿಗೆಂದೇ ಕಟ್ಟಿದ ಚರ್ಚೊಂದರ ಪ್ರತಿಷ್ಠೆಯ ಪ್ರವಚನದಲ್ಲಿ ಥಾರ್ನ್‌ವೆಲ್ ಒಂದು ಸೂಕ್ಷ್ಮ ತರ್ಕ ಹೂಡಿದರು. ಒಡೆಯನಿಗಿರುವುದು ಗುಲಾಮನ ದುಡಿಮೆಯ ಮೇಲಿನ ಹಕ್ಕು ಮಾತ್ರ, ಅವನ ಆತ್ಮ, ಅವನ ಮನುಷ್ಯತ್ವ ಅವನದೇ ಎಂದರು. ತರ್ಕ ನಯವಾಗಿದೆ. ಆದರೆ ದುಡಿಮೆಯ ಮೇಲಷ್ಟೇ ಹಕ್ಕಿರುವವನು ಕೆನ್ನೆಯ ಮೇಲೆ ತನ್ನ ಹೆಸರಿನ ಮುದ್ರೆ ಒತ್ತುವುದೇಕೆ? ಥಾರ್ನ್‌ವೆಲ್ ಅವರಿಗೆ ಉತ್ತರ ಅವರದೇ ನಾಡಿನ ಪತ್ರಿಕೆಗಳ ಜಾಹೀರಾತು ಪುಟದಲ್ಲಿ ಮೊದಲೇ ಅಚ್ಚಾಗಿತ್ತು.

ಸಾಕ್ಷಿಗಳಲ್ಲಿ ಎಲ್ಲರಿಗಿಂತ ದೊಡ್ಡವರು ಫ್ರೆಡರಿಕ್ ಡಗ್ಲಾಸ್. ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, 1845ರಲ್ಲಿ ಆತ್ಮಕಥೆ ಬರೆದವರು. ಅದರಲ್ಲಿ ಅವರ ಒಡೆಯ ಥಾಮಸ್ ಆಲ್ಡ್‌ನ ಪ್ರಸಂಗ ಬರುತ್ತದೆ. 1832ರ ಆಗಸ್ಟಿನಲ್ಲಿ ಆಲ್ಡ್ ಒಂದು ಮೆಥಡಿಸ್ಟ್ ಶಿಬಿರಸಭೆಗೆ ಹೋಗಿ ಅಲ್ಲಿ ಭಕ್ತಿಯ ದೀಕ್ಷೆ ಪಡೆದ. ಇನ್ನು ಇವನು ನಮ್ಮನ್ನು ಬಿಡುಗಡೆ ಮಾಡಿಯಾನು, ಮಾಡದಿದ್ದರೂ ಸ್ವಲ್ಪ ಮೃದುವಾದಾನು ಎಂದು ಡಗ್ಲಾಸ್ ಆಸೆಪಟ್ಟರು. ಎರಡೂ ಆಗಲಿಲ್ಲ. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಪ್ರಾರ್ಥನೆ, ಊರೂರಿನ ಪಾದ್ರಿಗಳಿಗೆ ಊಟ ಉಪಚಾರ. ಗುಲಾಮರಿಗೆ ಮಾತ್ರ ಹೊಟ್ಟೆಗಿಲ್ಲ. ಹಿಂದೆ ಕ್ರೂರಿಯಾಗಿದ್ದವನಿಗೆ ಈಗ ಕ್ರೌರ್ಯಕ್ಕೆ ಧರ್ಮದ ಆಧಾರವೂ ಸಿಕ್ಕಿತು. ಆ ಮನೆಯಲ್ಲಿ ಹೆನ್ನಿ ಎಂಬ ಯುವತಿ ಇದ್ದಳು. ಚಿಕ್ಕಂದಿನಲ್ಲಿ ಬೆಂಕಿಗೆ ಬಿದ್ದು ಕೈಗಳು ಕೆಲಸಕ್ಕೆ ಬಾರದಂತಾಗಿದ್ದವು. ಆಲ್ಡ್ ಅವಳನ್ನು ಕಟ್ಟಿಹಾಕಿ ಬರಿಬೆನ್ನಿಗೆ ಚಾಟಿಯಿಂದ ಹೊಡೆಯುತ್ತ, ಒಡೆಯನ ಇಚ್ಛೆ ತಿಳಿದೂ ನಡೆಸದ ಸೇವಕನಿಗೆ ಬಹಳ ಪೆಟ್ಟು ಬೀಳುವುದೆಂಬ ಲೂಕನ ಸುವಾರ್ತೆಯ ವಚನವನ್ನು ಹೇಳುತ್ತಿದ್ದ.

ಡಗ್ಲಾಸ್ ಅಲ್ಲಿನ ಗುಲಾಮರಿಗೆ ಹೊಸ ಒಡಂಬಡಿಕೆಯನ್ನು ಓದಲು ಕಲಿಸುವ ಭಾನುವಾರದ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಚರ್ಚಿನ ಮುಂದಾಳುಗಳೇ ದೊಣ್ಣೆ ಹಿಡಿದು ಬಂದು ಅದನ್ನು ಚದುರಿಸಿದರು. ಇಷ್ಟೆಲ್ಲ ಕಂಡ ಮೇಲೂ ಡಗ್ಲಾಸ್ ಧರ್ಮವನ್ನು ಕೈಬಿಡಲಿಲ್ಲ. ಆತ್ಮಕಥೆಯ ಕೊನೆಗೊಂದು ಅನುಬಂಧ ಸೇರಿಸಿ, ಕ್ರಿಸ್ತನ ಧರ್ಮ ಬೇರೆ, ಈ ದೇಶದ ಧರ್ಮ ಬೇರೆ, ಎರಡರ ನಡುವಿನ ಅಂತರ ಎಷ್ಟೆಂದರೆ ಒಂದರ ಸ್ನೇಹಿತ ಇನ್ನೊಂದರ ಶತ್ರುವಾಗಲೇಬೇಕು ಎಂದು ನಿಷ್ಠುರವಾಗಿ ಬರೆದರು. ಇಡೀ ಶತಮಾನದ ಧರ್ಮಚರ್ಚೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿಲುವನ್ನು ನಾನು ಕಂಡಿಲ್ಲ.

ಗುಲಾಮರು ಗ್ರಂಥವನ್ನು ತಮ್ಮದೇ ರೀತಿಯಲ್ಲಿ ಓದಬಲ್ಲರು ಎಂಬ ಭಯ ಒಡೆಯರಿಗೆ ಮೊದಲಿನಿಂದಲೂ ಇತ್ತು. 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಆಯ್ದ ಭಾಗಗಳ ಬೈಬಲ್ ಅಚ್ಚಾಯಿತು. ಹಳೆ ಒಡಂಬಡಿಕೆಯ ಬಹುಭಾಗ ಅದರಲ್ಲಿಲ್ಲ. ಮೋಶೆಯ ಮುಂದಾಳುತನದಲ್ಲಿ ಇಸ್ರಾಯೇಲರು ಐಗುಪ್ತದ ದಾಸತ್ವದಿಂದ ಹೊರಬಂದ ಕಥೆಯೇ ಇಲ್ಲ. ಯೋಸೇಫನು ದಾಸನಾಗಿ ಮಾರಾಟವಾಗಿ ವಿಧೇಯತೆಯಿಂದ ಮೇಲೆ ಬಂದ ಕಥೆ ಇದೆ. ಕತ್ತರಿ ಆಡಿಸಿದವರಿಗೆ ಗ್ರಂಥದಲ್ಲಿ ಏನಿದೆಯೆಂದು ಚೆನ್ನಾಗಿ ಗೊತ್ತಿತ್ತು.

1829ರಲ್ಲಿ ಬಾಸ್ಟನ್ನಿನಲ್ಲಿ ಹಳೆ ಬಟ್ಟೆಯ ವ್ಯಾಪಾರಿಯಾಗಿದ್ದ ಕಪ್ಪು ಚಿಂತಕ ಡೇವಿಡ್ ವಾಕರ್, ಅದೇ ಇಸ್ರಾಯೇಲರ ಕಥೆಯನ್ನು ಎತ್ತಿಕೊಂಡು ಉಗ್ರವಾದ ಮನವಿಯೊಂದನ್ನು ಅಚ್ಚುಹಾಕಿಸಿದರು. ಅದು ಹಡಗಿನ ಕೆಲಸಗಾರರ ಮೂಲಕ ಗುಟ್ಟಾಗಿ ದಕ್ಷಿಣದ ಬಂದರುಗಳನ್ನು ಮುಟ್ಟಿತು. ಗುಲಾಮರಿಗೆ ಅಕ್ಷರ ಕಲಿಸುವುದನ್ನು ಉತ್ತರ ಕೆರೊಲಿನಾ 1830ರಲ್ಲಿ ಅಪರಾಧವಾಗಿಸಿತು. 1831ರಲ್ಲಿ ವರ್ಜೀನಿಯಾದಲ್ಲಿ ಬಂಡೆದ್ದ ನ್ಯಾಟ್ ಟರ್ನರ್ ಕೂಡ ಬೈಬಲ್ ಓದಿಕೊಂಡಿದ್ದ ಉಪದೇಶಕ. ಗ್ರಂಥ ಗುಲಾಮಗಿರಿಯ ಪರವಾಗಿದೆ ಎಂದು ಅಷ್ಟು ಖಚಿತವಾಗಿ ಹೇಳುತ್ತಿದ್ದವರು ಅದೇ ಗ್ರಂಥವನ್ನು ಗುಲಾಮರ ಕೈಗೆ ಕೊಡಲು ಯಾಕೆ ಹೆದರಿದರು? ಈ ಪ್ರಶ್ನೆಗೆ ಫುಲ್ಲರ್ ಅವರ ಸೌಜನ್ಯದ ಪತ್ರಗಳಲ್ಲಿ ತೃಪ್ತಿಕರ ಉತ್ತರವಿಲ್ಲ.

ಇಲ್ಲಿ ಗ್ರಿಮ್ಕೆ ಸಹೋದರಿಯರ ಬಗ್ಗೆ ಇನ್ನೊಂದು ಮಾತು. ಚಾರ್ಲ್ಸ್‌ಟನ್ನಿನ ಶ್ರೀಮಂತ ಒಡೆಯರ ಮನೆಯ ಹೆಣ್ಣುಮಕ್ಕಳು ಅವರು. 1836ರಲ್ಲಿ ಆ್ಯಂಜಲಿನಾ ದಕ್ಷಿಣದ ಕ್ರೈಸ್ತ ಮಹಿಳೆಯರಿಗೆ ಮನವಿ ಬರೆದಾಗ ಅವರ ಊರಿನಲ್ಲೇ ಅದರ ಪ್ರತಿಗಳನ್ನು ಸುಟ್ಟರು. 1837ರಲ್ಲಿ ಮ್ಯಾಸಚೂಸೆಟ್ಸಿನ ಪಾದ್ರಿಗಳು, ಹೆಂಗಸರು ಸಭೆಯಲ್ಲಿ ಭಾಷಣ ಮಾಡುವುದು ಧರ್ಮಕ್ಕೆ ಸಲ್ಲದೆಂದು ಪತ್ರ ಹೊರಡಿಸಿದರು. ದಾಸರು ವಿಧೇಯರಾಗಿರಬೇಕು ಎಂದ ಪೌಲನ ಹೆಸರಿನಲ್ಲೇ ಹೆಂಗಸರು ಸುಮ್ಮನಿರಬೇಕೆಂಬ ಮಾತೂ ಇದೆಯಲ್ಲವೇ? ಒಂದನ್ನು ಪ್ರಶ್ನಿಸಿದ ಮೇಲೆ ಇನ್ನೊಂದನ್ನು ಬಿಡಲಾಗಲಿಲ್ಲ. ಸಾರಾ 1838ರಲ್ಲಿ ಸ್ತ್ರೀ ಪುರುಷ ಸಮಾನತೆಯ ಬಗ್ಗೆ ಪತ್ರರೂಪದ ಪುಸ್ತಕವನ್ನೇ ಬರೆದರು. ಓದುವ ರೀತಿ ಒಮ್ಮೆ ಬದಲಾದರೆ ಅದು ಒಂದೇ ಪ್ರಶ್ನೆಗೆ ನಿಲ್ಲುವುದಿಲ್ಲ. ಸಂಪ್ರದಾಯಸ್ಥರು ಇದನ್ನು ಮೊದಲೇ ಊಹಿಸಿದ್ದರು, ಅವರ ಊಹೆ ಸರಿಯಾಗಿಯೇ ಇತ್ತು.

4. ಸಂಸ್ಥೆಗಳು ನಡೆದುಕೊಂಡ ಬಗೆ

ವ್ಯಕ್ತಿಗಳ ಆತ್ಮಸಾಕ್ಷಿ ಎಚ್ಚರಗೊಂಡಷ್ಟು ಬೇಗ ಸಂಸ್ಥೆಗಳದು ಎಚ್ಚರಗೊಳ್ಳುವುದಿಲ್ಲ. ಇದಕ್ಕೆ ಹೊರತೆಂದರೆ ಕ್ವೇಕರ್ ಪಂಥದವರು. ಫಿಲಡೆಲ್ಫಿಯಾದ ಅವರ ವಾರ್ಷಿಕ ಸಭೆ 1776ರಲ್ಲೇ ಗುಲಾಮರನ್ನು ಇಟ್ಟುಕೊಂಡ ಸದಸ್ಯರನ್ನು ಹೊರಹಾಕಲು ತೀರ್ಮಾನಿಸಿತು. ಅದರ ಹಿಂದೆ, ಮನೆಮನೆಗೆ ನಡೆದುಹೋಗಿ ಒಬ್ಬೊಬ್ಬ ಒಡೆಯನ ಎದುರು ಕೂತು ಮಾತಾಡಿದ ಜಾನ್ ವುಲ್ಮನ್ ಅಂಥವರ ದಶಕಗಳ ತಾಳ್ಮೆ ಇತ್ತು.

ಉಳಿದ ಪಂಥಗಳಲ್ಲಿ ಹಲವು ಒಡೆದವು. ಜಾರ್ಜಿಯಾದ ಬಿಷಪ್ ಜೇಮ್ಸ್ ಆಂಡ್ರ್ಯೂ ಗುಲಾಮರ ಒಡೆಯರಾಗಿದ್ದ ಕಾರಣಕ್ಕೆ 1844ರಲ್ಲಿ ಮೆಥಡಿಸ್ಟರು ಇಬ್ಭಾಗವಾದರು. 1845ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಬೇರೆ ಮನೆ ಮಾಡಿದರು. ಆ ಸಂಘಟನೆ ಗುಲಾಮಗಿರಿಯ ವಿಷಯದಲ್ಲಿ ಅಧಿಕೃತವಾಗಿ ಕ್ಷಮೆ ಕೇಳಿದ್ದು 1995ರಲ್ಲಿ, ಸರಿಯಾಗಿ ನೂರೈವತ್ತು ವರ್ಷದ ಮೇಲೆ. 1839ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದಾಗ, ಚಾರ್ಲ್ಸ್‌ಟನ್ನಿನ ಕ್ಯಾಥೊಲಿಕ್ ಬಿಷಪ್ ಜಾನ್ ಇಂಗ್ಲೆಂಡ್ ಅದು ಸಾಗಣೆಯ ವ್ಯಾಪಾರಕ್ಕೆ ಮಾತ್ರ ಅನ್ವಯಿಸುತ್ತದೆ, ಮನೆಯಲ್ಲಿರುವ ಗುಲಾಮರಿಗಲ್ಲ ಎಂದು ವಿವರಣೆ ಕೊಟ್ಟರು. ಯೆಹೂದ್ಯರಲ್ಲೂ ಇದೇ ಒಡಕು. 1861ರ ಜನವರಿಯಲ್ಲಿ ನ್ಯೂಯಾರ್ಕಿನ ರಬ್ಬಿ ಮಾರಿಸ್ ರಾಫಾಲ್ ಗುಲಾಮಗಿರಿಗೆ ಗ್ರಂಥದ ಸಮ್ಮತಿ ಇದೆಯೆಂದರು. ಬಾಲ್ಟಿಮೋರಿನ ರಬ್ಬಿ ಡೇವಿಡ್ ಐನ್‌ಹಾರ್ನ್ ಅದನ್ನು ಬಲವಾಗಿ ಖಂಡಿಸಿದರು. ಅದೇ ವಸಂತದಲ್ಲಿ ಅವರು ಊರು ಬಿಟ್ಟು ಓಡಬೇಕಾಯಿತು.

ಹಣದ ವಿಷಯ ಬಂದಾಗ ಸಾಗರದಾಚೆಯ ಚರ್ಚುಗಳೂ ತಡವರಿಸಿದವು. 1843ರಲ್ಲಿ ಹುಟ್ಟಿದ ಸ್ಕಾಟ್ಲೆಂಡಿನ ಫ್ರೀ ಚರ್ಚು ಅಮೆರಿಕದ ದಕ್ಷಿಣ ರಾಜ್ಯಗಳ ಒಡೆಯರಿಂದಲೂ ದೇಣಿಗೆ ಪಡೆದಿತ್ತು. 1846ರಲ್ಲಿ ಡಗ್ಲಾಸ್ ಊರೂರು ಸುತ್ತಿ ಆ ಹಣವನ್ನು ವಾಪಸು ಕಳಿಸಿ ಎಂದು ಕೇಳಿದರು. ಜನ ಚಪ್ಪಾಳೆ ತಟ್ಟಿದರು. ಚರ್ಚು ಹಣ ಕಳಿಸಲಿಲ್ಲ.

1850ರ ಕಾಯ್ದೆ ಈ ಪ್ರಶ್ನೆಯನ್ನು ಉತ್ತರದವರ ಮನೆಬಾಗಿಲಿಗೇ ತಂದಿತು. ಓಡಿಬಂದ ಗುಲಾಮರನ್ನು ಹಿಡಿದುಕೊಡಲು ನೆರವಾಗುವುದು ಪ್ರತಿ ನಾಗರಿಕನ ಕರ್ತವ್ಯ ಎಂದಿತು ಆ ಕಾಯ್ದೆ. ಜಾರ್ಜಿಯಾದಿಂದ ತಪ್ಪಿಸಿಕೊಂಡು ಬಂದ ವಿಲಿಯಂ ಮತ್ತು ಎಲೆನ್ ಕ್ರಾಫ್ಟ್ ದಂಪತಿ ಆಗ ಬಾಸ್ಟನ್ನಿನಲ್ಲಿದ್ದರು. ಎಲೆನ್ ಬಿಳಿ ಒಡೆಯನ ವೇಷ ಹಾಕಿ, ಗಂಡನನ್ನು ತನ್ನ ಗುಲಾಮನೆಂದು ಹೇಳಿಕೊಂಡು ರೈಲು ಹಡಗುಗಳಲ್ಲಿ ಪ್ರಯಾಣ ಮಾಡಿ ಬಂದಿದ್ದರು. ಹಿಡಿಯುವವರು ಊರಿಗೆ ಬಂದಾಗ ಪಾದ್ರಿ ಥಿಯೋಡರ್ ಪಾರ್ಕರ್ ಆಶ್ರಯ ಕೊಟ್ಟರು. ಇಂಗ್ಲೆಂಡಿಗೆ ಹೊರಡುವ ಮುನ್ನ ಅವರಿಬ್ಬರಿಗೂ ಕಾನೂನುಬದ್ಧವಾಗಿ ಮದುವೆ ಮಾಡಿಸಿ, ವಿಲಿಯಂ ಕೈಗೆ ಬೈಬಲ್ಲನ್ನೂ ಕತ್ತಿಯನ್ನೂ ಕೊಟ್ಟರು. ಸರಕಾರದ ಕಾನೂನಿಗಿಂತ ಮೇಲೊಂದು ಕಾನೂನು ಇದೆ ಎಂಬ ಮಾತು ಆ ದಿನಗಳಲ್ಲಿ ಪ್ರವಚನದ ವೇದಿಕೆಯಿಂದ ಬೀದಿಗೆ ಇಳಿದಿತ್ತು.

ಕೊನೆಗೆ ತೀರ್ಪು ಬಂದದ್ದು ಉತ್ತರ ದಕ್ಷಿಣಗಳ ಅಂತರ್ಯುದ್ಧದ ರಣರಂಗದಲ್ಲಿ. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. 1865ರ ಮಾರ್ಚ್ 4ರಂದು ಅಧ್ಯಕ್ಷ ಲಿಂಕನ್ ತಮ್ಮ ಎರಡನೆಯ ಪದಗ್ರಹಣ ಭಾಷಣದಲ್ಲಿ, ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು ಎಂಬುದನ್ನು ನೆನಪಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗಾಣಿಸಿತು. ಹಾಗಾದರೆ ಧರ್ಮವಾದ ವ್ಯರ್ಥವಾಯಿತೇ? ನನಗೆ ಹಾಗೆನಿಸುವುದಿಲ್ಲ. ಯುದ್ಧ ಗೆದ್ದಿತು ನಿಜ. ಆದರೆ ಆ ಯುದ್ಧ ಒಕ್ಕೂಟವನ್ನು ಉಳಿಸುವ ಹೋರಾಟವಾಗಿ ಮಾತ್ರ ಮುಗಿಯದೆ ಬಿಡುಗಡೆಯ ಹೋರಾಟವೂ ಆದದ್ದಕ್ಕೆ ಮೂವತ್ತು ವರ್ಷಗಳ ಸಾಕ್ಷಿ ಮತ್ತು ವಾದ ನೆಲ ಹದಮಾಡಿತ್ತು.

5. ನಮ್ಮ ಕಡೆಗೆ

ಈ ಚರಿತ್ರೆಗೂ ನಮಗೂ ನಿಜವಾದ ಕೊಂಡಿಗಳಿವೆ. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದುಮಾಡುವ ಕಾಯ್ದೆ ಮಾಡಿದಾಗ ಒಡೆಯರಿಗೆ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಗುಲಾಮರಿಗೆ ಕೊಡಲಿಲ್ಲ. ಈಸ್ಟ್ ಇಂಡಿಯ ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ಮಲಬಾರಿನಲ್ಲೂ ಕೆನರಾದಲ್ಲೂ ಭೂಮಿಯ ಜೊತೆಗೆ ಆಳುಗಳನ್ನು ಹೊಂದುವ ಪದ್ಧತಿ ಇದ್ದುದನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ ದಾಖಲಿಸಿದ್ದರು. ಇಲ್ಲಿಗೆ ಕಾಯ್ದೆ ಬಂದದ್ದು 1843ರಲ್ಲಿ. ಅದೂ ಗುಲಾಮಗಿರಿಯ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂದಷ್ಟೇ ಹೇಳಿತು. ಹೊಲದಲ್ಲಿ ದುಡಿಯುವ ಎಷ್ಟೋ ಜನಕ್ಕೆ ಅದು ತಿಳಿಯಲೇ ಇಲ್ಲ. ಸಾಲದ ಹೆಸರಿನಲ್ಲಿ ಜೀತ ಮುಂದುವರಿಯಿತು. ಅದನ್ನು ರದ್ದುಮಾಡುವ ಕಾಯ್ದೆಗೆ 1976ರವರೆಗೆ ಕಾಯಬೇಕಾಯಿತು.

ಅಮೆರಿಕದ ಬಿಡುಗಡೆಯ ಅರ್ಥವನ್ನು ನಮ್ಮಲ್ಲಿ ಗ್ರಹಿಸಿದ ಮೊದಲಿಗರಲ್ಲಿ ಜ್ಯೋತಿಬಾ ಫುಲೆ ಒಬ್ಬರು. 1873ರ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಅವರು ನೀಗ್ರೋ ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ತನ್ನ ದೇಶದವರೂ ಅದೇ ಮೇಲ್ಪಂಕ್ತಿಯನ್ನು ಅನುಸರಿಸಿ ಶೂದ್ರರನ್ನು ಬಿಡುಗಡೆ ಮಾಡಲಿ ಎಂಬ ಹಾರೈಕೆ ಆ ಅರ್ಪಣೆಯಲ್ಲಿದೆ.

ಅಂಬೇಡ್ಕರ್ ಅವರು ಲಾಹೋರಿನ ಸಭೆಗಾಗಿ ಬರೆದು, ಸಂಘಟಕರು ಸಭೆಯನ್ನೇ ರದ್ದುಗೊಳಿಸಿದ್ದರಿಂದ 1936ರಲ್ಲಿ ತಾವೇ ಅಚ್ಚುಹಾಕಿಸಿದ ‘ಜಾತಿ ವಿನಾಶ’ ಭಾಷಣದಲ್ಲಿ ವೆಲ್ಡ್, ವೇಲ್ಯಾಂಡ್, ಗ್ಯಾರಿಸನ್ ಎದುರಿಸಿದ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ. ಶಾಸ್ತ್ರಗಳು ನಿಜವಾಗಿ ಹಾಗೆ ಹೇಳಿಲ್ಲ, ಸರಿಯಾಗಿ ಅರ್ಥಮಾಡಿದರೆ ಅಲ್ಲಿ ಜಾತಿಯಿಲ್ಲ ಎನ್ನುವ ಸುಧಾರಕರ ದಾರಿ ಸಾಲದು ಎಂದರು ಅವರು. ವಿದ್ವಾಂಸರು ಏನು ಅರ್ಥ ತೆಗೆಯುತ್ತಾರೆ ಎಂಬುದಕ್ಕಿಂತ ಜನ ಅದನ್ನು ಏನೆಂದು ತಿಳಿದು ನಡೆಯುತ್ತಾರೆ ಎಂಬುದು ಮುಖ್ಯ. ಆದ್ದರಿಂದ ಬುದ್ಧ, ನಾನಕರಂತೆ ಶಾಸ್ತ್ರದ ಅಧಿಕಾರವನ್ನೇ ಪ್ರಶ್ನಿಸಬೇಕು ಎಂಬುದು ಅವರ ನಿಲುವು. ಈ ನಿಲುವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಮೊದಲು ಅದನ್ನು ಕೇಳಿಸಿಕೊಳ್ಳಬೇಕಿತ್ತು. ಲೇನ್ ಸೆಮಿನರಿಯ ಆಡಳಿತ ಮಂಡಳಿಯೂ ಲಾಹೋರಿನ ಸಂಘಟಕರೂ ಸಭೆಯ ಬಾಗಿಲು ಹಾಕಿಯೇ ತಮ್ಮ ಉತ್ತರ ಕೊಟ್ಟರು.

ಇಷ್ಟು ಹೇಳಿ ಮುಗಿಸುತ್ತೇನೆ. ಧರ್ಮಗ್ರಂಥಗಳಲ್ಲಿ ದಯೆಯ ಮಾತೂ ಇದೆ, ದಾಸ್ಯದ ಮಾತೂ ಇದೆ. ಯಾವುದನ್ನು ಎತ್ತಿ ಹಿಡಿಯುತ್ತೇವೆ ಎಂಬ ಹೊಣೆ ಓದುವವನದು, ಆ ಹೊಣೆಯನ್ನು ದೇವರ ಮೇಲೆ ಹೊರಿಸಿ ನುಣುಚಿಕೊಳ್ಳಲಾಗದು. ಫುಲ್ಲರ್ ವಿದ್ವಾಂಸರಾಗಿದ್ದರು, ಸಜ್ಜನರಾಗಿದ್ದರು, ಆದರೂ ತಪ್ಪಿದರು. ಯಾಕೆಂದರೆ ಅವರು ಗುಲಾಮಗಿರಿಯ ಬಗ್ಗೆ ಗ್ರಂಥವನ್ನು ಕೇಳಿದರು, ಗುಲಾಮನನ್ನು ಕೇಳಲಿಲ್ಲ. ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಇನ್ನು ಮುಂದೆ ಯಾವುದೇ ಧರ್ಮದ, ಯಾವುದೇ ಗ್ರಂಥದ ವಚನವನ್ನು ಎತ್ತಿ ಯಾರಾದರೂ ಇನ್ನೊಬ್ಬರ ಸ್ಥಾನ ಇಂಥದ್ದು ಎಂದು ತೀರ್ಮಾನ ಹೇಳಿದರೆ, ಆ ಇನ್ನೊಬ್ಬರನ್ನು ಸಭೆಗೆ ಕರೆದಿದ್ದೀರಾ ಎಂದು ಮೊದಲು ಕೇಳಿ. ಕರೆಯದೆ ಕೊಟ್ಟ ತೀರ್ಪನ್ನು ಒಪ್ಪಬೇಡಿ.